ಅಂಚೆಗೆ ಹಾಕಿದ ಬಸವನಹುಳುಗಳು

ಕಲ್ಲಯ್ಯನೆಂಬ ಶಿಷ್ಯ ಗುರುಗಳನ್ನು ಕೇಳಿದ: "ಬಿಟ್ಟುಕೊಟ್ಟ ಮೇಲೂ ಹಂಬಲ ಉಳಿದರೆ, ಅದು ಬಿಟ್ಟುಕೊಟ್ಟಂತೆ ಆಗುತ್ತದೆಯೇ?"

"ಏನನ್ನು ಬಿಟ್ಟುಕೊಟ್ಟೆ?" ಎಂದರು ಗುರುಗಳು.

"ತಮ್ಮನ ಮಗಳನ್ನು. ಅವಳ ತಾಯಿ ಹಾಸಿಗೆ ಹಿಡಿದಾಗ ಕೂಸನ್ನು ನನ್ನ ಮಡಿಲಿಗೆ ಹಾಕಿದ್ದರು. ನಾನೇ ಉಣಿಸಿದೆ, ನಾನೇ ನಡೆಯಲು ಕಲಿಸಿದೆ. ತಾಯಿ ಗುಣವಾಗಿ ಎದ್ದಳು. ಕೂಸು ಅವಳದು. ನನ್ನ ಕೈಯಾರೆ ಒಪ್ಪಿಸಿ ಇಲ್ಲಿಗೆ ಬಂದೆ. ಆದರೂ ಹೊರಗೆ ಯಾವ ಮಗು ಅತ್ತರೂ ಹಿಡಿದ ಕೆಲಸ ಬಿಟ್ಟು ಏಳುತ್ತೇನೆ. ಜೊತೆಯವರು ನಗುತ್ತಾರೆ. ನಿನ್ನದು ಬಾಯಿಮಾತಿನ ತ್ಯಾಗ ಎನ್ನುತ್ತಾರೆ."

ಗುರುಗಳು ಈ ಕತೆ ಹೇಳಿದರು.

ಹೊಳೆಯ ದಂಡೆಯ ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಾಕುವುದು ಅವನ ಕಸುಬು. ಅವನಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ಒಂದು ದಿನ ಹೆಂಡತಿ ಬಸಳೆಯ ಚಪ್ಪರದ ಕೆಳಗೆ ಒಂದು ಬಸವನಹುಳುವನ್ನು ಕಂಡಳು. ಯಾರದೋ ಕಾಲಿಗೆ ಸಿಕ್ಕಿ ಅದರ ಚಿಪ್ಪು ಸೀಳಿತ್ತು. ಅವಳು ಅದನ್ನು ಎಲೆಯ ಮೇಲೆ ಎತ್ತಿಕೊಂಡು ಬಂದು, ಅಗಲ ಬಾಯಿಯ ಮಡಕೆಯಲ್ಲಿ ಒದ್ದೆ ಮಣ್ಣು ತುಂಬಿ ಇಟ್ಟಳು. ಸೌತೆಕಾಯಿಯ ಸಿಪ್ಪೆ ಹಾಕಿದಳು. ಚಿಪ್ಪು ಗಟ್ಟಿಯಾಗಲೆಂದು ಸೀಮೆಸುಣ್ಣ ಕುಟ್ಟಿ ಉದುರಿಸಿದಳು.

ಬಣ್ಣಗಾರ ನಕ್ಕ. "ಹುಳಕ್ಕೆ ಯಾರಾದರೂ ಬಾಣಂತನ ಮಾಡುತ್ತಾರೆಯೇ?"

"ನನಗೆ ಇನ್ನು ಯಾರ ಬಾಣಂತನ ಮಾಡುವುದಿದೆ?" ಎಂದಳು ಅವಳು.

ಅವನು ಮತ್ತೆ ನಗಲಿಲ್ಲ.

ಚಿಪ್ಪು ಕೂಡಿಕೊಂಡಿತು. ಸೀಳಿದ್ದ ಕಡೆ ಹೊಲಿಗೆ ಹಾಕಿದಂತೆ ಒಂದು ಬಿಳಿ ಗೀಟು ಮಾತ್ರ ಉಳಿಯಿತು. ಮುಂದಿನ ಮಳೆಗಾಲಕ್ಕೆ ಅದು ಮೊಟ್ಟೆ ಇಟ್ಟಿತು. ಮರಿಗಳಾದವು. ಮಡಕೆಗಳು ಹೆಚ್ಚಿದವು. ಹೆಂಡತಿ ದಿನವೂ ಅವುಗಳಿಗೆ ನೀರು ಚಿಮುಕಿಸಿ, ಒಂದೊಂದನ್ನೂ ನೋಡಿ, ಮೇಲೆ ತೆಳುಬಟ್ಟೆ ಕಟ್ಟುತ್ತಿದ್ದಳು.

ಕೆಲವು ಕಾಲದ ಮೇಲೆ ಅವಳು ಜ್ವರ ಬಂದು ತೀರಿಕೊಂಡಳು.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ದಿನ ಬಣ್ಣಗಾರ ಮಡಕೆಗಳನ್ನು ಹೊಳೆಯ ಪೊದೆಗೆ ಸುರಿದುಬಿಡೋಣವೆಂದು ಎತ್ತಿಕೊಂಡ. ಬಟ್ಟೆ ಬಿಚ್ಚಿದಾಗ ಗೀಟಿನ ಹುಳು ಅಂಚಿಗೆ ಹತ್ತಿ ಬಂದಿತ್ತು. ಕೊಂಬು ಚಾಚಿ ಅವನ ಬೆರಳನ್ನು ಮುಟ್ಟಿತು. ಇದು ಅವಳ ಕೈಯನ್ನು ಹುಡುಕುತ್ತಿದೆ ಎಂದು ಅವನಿಗೆ ಅನ್ನಿಸಿತು. ಹುಳಕ್ಕೆ ಅಂಥ ನೆನಪು ಇರುತ್ತದೆಯೋ ಇಲ್ಲವೋ ಯಾರು ಬಲ್ಲರು? ಅವನು ಮಡಕೆಯನ್ನು ಇದ್ದಲ್ಲೇ ಇಟ್ಟ. ಅಂದಿನಿಂದ ಅವಳು ನೀರು ಚಿಮುಕಿಸುತ್ತಿದ್ದ ಹೊತ್ತಿಗೆ ಅವನೂ ಚಿಮುಕಿಸಿದ. ಅವಳು ಕರೆಯುತ್ತಿದ್ದ ಹಾಗೆ ಅವುಗಳನ್ನು "ಬಸವಣ್ಣಗಳಾ" ಎಂದು ಕರೆದ. ಮಾತಾಡಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ವರ್ಷಗಳು ಹೋದವು. ಬಣ್ಣದ ಹಬೆಯೂ ಹೊಳೆಯ ತೇವವೂ ಅವನ ಎದೆಗೆ ಇಳಿದವು. ಕೆಮ್ಮು ಬಿಡಲಿಲ್ಲ. ವೈದ್ಯ ಹೇಳಿದ: "ಇನ್ನೊಂದು ಮಳೆಗಾಲ ಇಲ್ಲಿ ಕಳೆದರೆ ನೀನು ಉಳಿಯುವುದಿಲ್ಲ. ಒಣ ಸೀಮೆಗೆ ಹೋಗು."

ಒಣ ಸೀಮೆಯಲ್ಲಿ ಅವನ ಅಕ್ಕ ಇದ್ದಳು. ಬಾ ಎಂದು ಕರೆದಳು. ಆದರೆ ಬಣ್ಣಗಾರನಿಗೆ ಯಾವುದು ಮದ್ದೋ ಅದೇ ಹುಳುಗಳಿಗೆ ಸಾವು. ಆ ಬಿಸಿಲಿನಲ್ಲಿ ಅವು ಬದುಕುವುದಿಲ್ಲ. ಊರಲ್ಲೇ ಬಿಡೋಣವೆಂದರೆ ಸುತ್ತಲೂ ಸೊಪ್ಪಿನ ತೋಟಗಳು. ತೋಟದವರು ಬಸವನಹುಳು ಕಂಡರೆ ಉಪ್ಪು ಸುರಿಯುತ್ತಿದ್ದರು.

ಹಿಂದೊಮ್ಮೆ ಸೀರೆಗೆ ಬಣ್ಣ ಹಾಕಿಸಲು ಬಂದ ಒಬ್ಬ ಶಿಕ್ಷಕಿ ಆ ಮಡಕೆಗಳ ಮುಂದೆ ಬಹಳ ಹೊತ್ತು ಕೂತಿದ್ದಳು. ಅವಳದು ಬೆಟ್ಟದ ಮೇಲಿನ ಊರು. ಅಲ್ಲಿ ವರ್ಷವಿಡೀ ತಂಪು. ಬಣ್ಣಗಾರ ಅವಳಿಗೆ ಬರೆದು ಕೇಳಿದ. ಕಳಿಸಿ, ನಾವು ಸಾಕುತ್ತೇವೆ ಎಂದು ಅವಳು ಉತ್ತರಿಸಿದಳು. ಬಸ್ಸಿಳಿದು ಬೆಟ್ಟ ಹತ್ತುವಷ್ಟು ಉಸಿರು ಬಣ್ಣಗಾರನಿಗೆ ಇರಲಿಲ್ಲ. ಅಂಚೆಯಲ್ಲೇ ಕಳಿಸಬೇಕಾಯಿತು.

ಮೊದಲ ಪೆಟ್ಟಿಗೆಯನ್ನು ಅವನು ಬಹಳ ಅಕ್ಕರೆಯಿಂದ ಕಟ್ಟಿದ. ದಾರಿಯಲ್ಲಿ ಬಾಯಾರಬಾರದೆಂದು ಬಟ್ಟೆಯನ್ನು ನೀರಲ್ಲಿ ಅದ್ದಿ ಹಾಸಿದ. ಹಸಿಯಬಾರದೆಂದು ಎಳೆಯ ಎಲೆಗಳನ್ನು ಒತ್ತಿ ತುಂಬಿದ. ಗಾಳಿ ತಾಗಬಾರದೆಂದು ಸಂದುಗಳಿಗೆ ಮೇಣ ಮೆತ್ತಿದ. ಗೀಟಿನದನ್ನು ಕಳಿಸಲು ಮನಸ್ಸು ಬರಲಿಲ್ಲ. ಅದನ್ನೂ ಇನ್ನು ಕೆಲವನ್ನೂ ಉಳಿಸಿಕೊಂಡ.

ಶಿಕ್ಷಕಿಯ ಉತ್ತರ ಬಂತು. ಪೆಟ್ಟಿಗೆ ತೆಗೆದಾಗ ಎಲೆ ಕೊಳೆತಿತ್ತು. ನೀರು ತಳದಲ್ಲಿ ನಿಂತಿತ್ತು. ಒಂದೂ ಉಳಿದಿರಲಿಲ್ಲ. ಶಾಲೆಯ ಮಕ್ಕಳೂ ನಾನೂ ಸೇರಿ ಹಿತ್ತಲಿನಲ್ಲಿ ಹೂಳಿದೆವು ಎಂದು ಬರೆದಿದ್ದಳು.

ಬಣ್ಣಗಾರ ಅಂದು ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವನು ಬಂದು, "ಹುಳ ತಾನೆ? ಉಳಿದದ್ದನ್ನು ಚರಂಡಿಗೆ ಹಾಕಿ ಬಸ್ಸು ಹತ್ತು. ಮಳೆ ಹಿಡಿಯುವ ಮುಂಚೆ ಹೊರಡು," ಎಂದ. ಬಣ್ಣಗಾರ ಹೊರಡಲಿಲ್ಲ. ಆ ಮಳೆಗಾಲವನ್ನು ಕೆಮ್ಮುತ್ತಲೇ ಅಲ್ಲಿ ಕಳೆದ.

ಕಳೆಯುತ್ತ ಕಲಿತ. ಒಂದೆರಡು ಹುಳುಗಳನ್ನು ಪೆಟ್ಟಿಗೆಯಲ್ಲಿಟ್ಟು, ಬೆಟ್ಟದ ಊರಿಗೆ ಅಂಚೆ ಹೋಗಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮುಚ್ಚಿಡುತ್ತಿದ್ದ. ತೆಗೆದು ನೋಡಬೇಕೆಂದು ಕೈ ತುಡಿಯುತ್ತಿತ್ತು. ದಾರಿಯಲ್ಲಿ ಯಾರೂ ತೆಗೆದು ನೋಡುವುದಿಲ್ಲವಲ್ಲ ಎಂದು ತಡೆದುಕೊಳ್ಳುತ್ತಿದ್ದ. ಸಲಕ್ಕೊಮ್ಮೆ ನೀರು ಕಡಿಮೆ ಮಾಡಿದ. ಎಲೆ ಬಿಟ್ಟ. ಮುಚ್ಚಳಕ್ಕೆ ಸೂಜಿಯಿಂದ ತೂತು ಚುಚ್ಚಿದ. ಕೊನೆಗೆ ಹಿಂಡಿದರೂ ಹನಿ ಬೀಳದಷ್ಟು ನಸು ತೇವದ ಪಾಚಿಯನ್ನು ಮಾತ್ರ ಹಾಕಿದ. ಅವುಗಳ ಹೊಟ್ಟೆಗೆ ಏನೂ ಇಡದೆ ಮುಚ್ಚಿದ ದಿನ ಅವನಿಗೆ ತನ್ನ ಊಟ ಸೇರಲಿಲ್ಲ.

ಆ ಪೆಟ್ಟಿಗೆಯನ್ನು ತೆಗೆದಾಗ ಹುಳುಗಳು ಚಿಪ್ಪಿನ ಒಳಗೆ ಸೇರಿಕೊಂಡಿದ್ದವು. ಚಿಪ್ಪಿನ ಬಾಯಿಗೆ ಒಣಗಿದ ಅಂಟಿನ ತೆಳು ಪರದೆ ಬಂದಿತ್ತು. ಇವೂ ಹೋದವು ಎಂದುಕೊಂಡು ಅವನು ಅವನ್ನು ಬಚ್ಚಲ ಕಲ್ಲಿನ ಮೇಲಿಟ್ಟು, ಅಲ್ಲೇ ಕೂತು ಕೈ ತೊಳೆದ. ನೀರಿನ ಹನಿ ಅವುಗಳ ಮೇಲೂ ಬಿತ್ತು. ಏಳಲು ಮನಸ್ಸಾಗದೆ ಅವನು ಹಾಗೇ ಕೂತಿದ್ದ. ಕೂತಿದ್ದಂತೆ ಒಂದು ಪರದೆ ಹರಿಯಿತು. ಒಂದು ಕೊಂಬು ಹೊರಗೆ ಬಂತು. ಆಮೇಲೆ ಇನ್ನೊಂದು.

ಅವನು ಗಟ್ಟಿಯಾಗಿ ಹೆಂಡತಿಯ ಹೆಸರು ಹಿಡಿದು ಕೂಗಿದ. ಕೂಗಿದ ಮೇಲೆ ಅವಳಿಲ್ಲವೆಂಬುದು ನೆನಪಾಯಿತು.

ಚಳಿಗಾಲದ ಮೊದಲಲ್ಲಿ, ರಜೆಗೆ ಸಿಕ್ಕಿ ದಾರಿಯಲ್ಲಿ ಬಿದ್ದಿರಬಾರದೆಂದು ಸೋಮವಾರ ನೋಡಿ, ಅವನು ಎರಡನೆಯ ಪೆಟ್ಟಿಗೆ ಕಟ್ಟಿದ. ಚಿಪ್ಪು ಇನ್ನೂ ಗಟ್ಟಿಯಾಗದ ಮರಿಗಳನ್ನು ಬೇರೆ ಡಬ್ಬಿಯಲ್ಲಿಟ್ಟ. ಅಲುಗಾಡದಂತೆ ಪಾಚಿ ತುರುಕಿದ. ಡಬ್ಬಿಗಳನ್ನು ದೊಡ್ಡ ಪೆಟ್ಟಿಗೆಯೊಳಗೆ ಭತ್ತದ ಹೊಟ್ಟಿನ ನಡುವೆ ಕೂರಿಸಿದ. ಗೀಟಿನ ಹುಳುವನ್ನು ಮಾತ್ರ ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತ. ಇದೊಂದಿದ್ದರೆ ಸಾಕಲ್ಲವೇ ಎಂದುಕೊಂಡ. ಒಣ ಸೀಮೆಯಲ್ಲಿ ಇದು ಪರದೆ ಎಳೆದುಕೊಂಡು ಮತ್ತೆ ತೆಗೆಯದಿದ್ದರೆ ಎಂದೂ ಯೋಚಿಸಿದ. ಕೊನೆಗೆ ಅದನ್ನೂ ಪಾಚಿಯಲ್ಲಿ ಮಲಗಿಸಿ ಮುಚ್ಚಳ ಹಾಕಿದ.

ಅಂಚೆ ಕಚೇರಿಯಲ್ಲಿ ಗುಮಾಸ್ತ ಕೇಳಿದ: "ಇದರಲ್ಲಿ ಏನಿದೆ?"

"ಬಸವನಹುಳು. ಜೀವ ಇದೆ."

"ಜೀವ ಇದ್ದದ್ದಕ್ಕೆ ಮೊಹರು ಹೇಗೆ ಹೊಡೆಯಲಿ?"

"ಮೆಲ್ಲಗೆ ಹೊಡೆಯಿರಿ."

ಗುಮಾಸ್ತ ಅವನ ಮುಖ ನೋಡಿದ. ಮೊಹರನ್ನು ಹೊಡೆಯದೆ, ಒತ್ತಿ ಎತ್ತಿದ.

ಪೆಟ್ಟಿಗೆಯ ಜೊತೆಗೆ ಬಣ್ಣಗಾರ ಶಿಕ್ಷಕಿಗೆ ಬರೆದಿದ್ದ: ಸತ್ತಂತೆ ಕಾಣುತ್ತವೆ. ಸತ್ತಿಲ್ಲ. ನೀರು ಚಿಮುಕಿಸಿ ಕಾಯಿರಿ, ಚಿಪ್ಪಿನಿಂದ ಹೊರಗೆ ಎಳೆಯಬೇಡಿ. ಆಮೇಲೆ ಅವನೂ ಕಾದ. ಮಡಕೆಗಳು ಖಾಲಿಯಾಗಿದ್ದವು. ಆದರೂ ಹೊತ್ತಿಗೆ ಸರಿಯಾಗಿ ಕೈ ನೀರಿನ ಚೊಂಬಿಗೆ ಹೋಗುತ್ತಿತ್ತು.

ಉತ್ತರ ಬಂತು. ಎಲ್ಲವೂ ಎದ್ದಿದ್ದವು. ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ಕೂತಿದ್ದರಂತೆ. ಗೀಟಿನದು ಎಲ್ಲಕ್ಕಿಂತ ಕೊನೆಗೆ ಎದ್ದಿತಂತೆ. ಬಣ್ಣಗಾರ ಆ ಕಾಗದವನ್ನು ಓದಿ, ಮಡಕೆಗಳನ್ನು ತೊಳೆದು ಬೋರಲು ಹಾಕಿ, ಒಣ ಸೀಮೆಗೆ ಹೊರಟ.

ಅಕ್ಕನ ಮನೆಯಲ್ಲಿ ಅವನ ಕೆಮ್ಮು ತಗ್ಗಿತು. ಮೈ ಹಿಡಿಯಿತು. ಆದರೆ ಅವನು ಶಿಕ್ಷಕಿಗೆ ಆಗಾಗ ಬರೆಯುತ್ತಿದ್ದ. ಈಗ ಏನು ತಿನ್ನುತ್ತವೆ, ಮರಿ ಎಷ್ಟು ದೊಡ್ಡವಾದವು, ಸುಣ್ಣ ಸಿಗುತ್ತದೆಯೇ ಎಂದು ಕೇಳುತ್ತಿದ್ದ. ಶಿಕ್ಷಕಿ ಮರುಕಪಟ್ಟಳು. "ಗೀಟಿನದನ್ನು ನಿಮಗೆ ವಾಪಸು ಕಳಿಸಲೇ? ಹೇಗೆ ಕಳಿಸಬೇಕೆಂದು ನಿಮ್ಮಿಂದಲೇ ಕಲಿತಿದ್ದೇನೆ," ಎಂದು ಬರೆದಳು.

ಬಣ್ಣಗಾರ ಅಂದೇ ಸಂತೆಗೆ ಹೋಗಿ ಅಗಲ ಬಾಯಿಯ ಮಡಕೆ ತಂದ. ಮಣ್ಣು ತುಂಬಿ ನೀರು ಹಾಕಿ ನೆರಳಲ್ಲಿಟ್ಟ. ಸಂಜೆಗೆ ಮುಟ್ಟಿ ನೋಡಿದ. ಒಣಗಿತ್ತು. ಮತ್ತೆ ನೀರು ಹಾಕಿದ. ಬೆಳಗ್ಗೆ ಮಣ್ಣು ಬಿರುಕು ಬಿಟ್ಟಿತ್ತು. ಒಂದು ವಾರ ಹಾಗೇ ಹೆಣಗಿದ. ಕೊನೆಗೆ ಮಡಕೆಯನ್ನು ಅಕ್ಕನಿಗೆ ಕೊಟ್ಟು, "ಇದರಲ್ಲಿ ಹುಣಸೆಹಣ್ಣು ಇಡು," ಎಂದ. ಶಿಕ್ಷಕಿಗೆ ಬರೆದ: ಬೇಡ. ಅಲ್ಲೇ ಇರಲಿ.

ಅದಾದ ಮೇಲೂ ಅಂಚೆಯ ಬಸ್ಸು ಬರುವ ಹೊತ್ತಿಗೆ ಅವನು ರಸ್ತೆಗೆ ಹೋಗಿ ನಿಲ್ಲುತ್ತಿದ್ದ.

ಅಕ್ಕ ಒಂದು ದಿನ ಕೇಳಿದಳು: "ಕಾಗದ ಏನಾದರೂ ಬರುವುದಿದೆಯೇ?"

"ಇಲ್ಲ."

"ಮತ್ತೆ ಈ ಬಿಸಿಲಲ್ಲಿ ಯಾಕೆ ನಿಲ್ಲುತ್ತೀ?"

"ಅವು ಇಂಥದೇ ಬಸ್ಸಿನಲ್ಲಿ ಹೋದವು, ಅಕ್ಕ."

ಮರುದಿನದಿಂದ ಅಕ್ಕ ಅವನ ತಲೆಗೆ ಒಂದು ಒದ್ದೆ ವಸ್ತ್ರ ಕೊಟ್ಟು ಕಳಿಸಿದಳು. ಅವನು ಬದುಕಿದ್ದಷ್ಟು ಕಾಲವೂ ಹಾಗೇ ಹೋಗಿ ನಿಂತು, ಬಸ್ಸು ದಾಟಿದ ಮೇಲೆ ಮನೆಗೆ ಬಂದು ಊಟ ಮಾಡುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಕಲ್ಲಯ್ಯ ಕೇಳಿದ: "ಹಾಗಾದರೆ ಕೊನೆಯವರೆಗೂ ಅವನಿಗೆ ಬಿಡಲು ಆಗಲೇ ಇಲ್ಲವೇ?"

ಗುರುಗಳು ಹೇಳಿದರು: "ಎಸೆದು ಬಂದವನು ಎಲ್ಲಾದರೂ ದಾರಿ ನೋಡುತ್ತಾನೆಯೇ, ಕಲ್ಲಯ್ಯ? ಒಪ್ಪಿಸಿ ಬಂದವನೇ ನೋಡುವುದು."