ಕುಚ್ಚಮ್ಮ ನೆಲ ಬಡಿಯಲಿಲ್ಲ

ಕೇಳಿ ಮಕ್ಕಳೇ, ಒಂದು ಮರಳುಗಾಡಿನ ಮುಳ್ಳುಪೊದೆಯ ಬುಡದಲ್ಲಿ ಮರಳಿಲಿಗಳ ಕೇರಿಯಿತ್ತು. ಹುಲ್ಲಿನ ಬೀಜವೇ ಅವುಗಳ ಊಟ. ಹುಟ್ಟಿದಾಗಿನಿಂದ ಹನಿ ನೀರು ಕುಡಿದವರಿಲ್ಲ. ಹಾಗಂತ ನಾಲಿಗೆ ಒಣಗಿತ್ತೇ? ಎಲ್ಲಿಂದ! ಬೆಳಗಾದರೆ ಜಗಳ.

ಜಗಳವೆಷ್ಟೇ ಇರಲಿ, ಒಂದು ಕಟ್ಟಳೆಯನ್ನು ಯಾರೂ ಮೀರುತ್ತಿರಲಿಲ್ಲ. ಹಾವು ಕಂಡವರು ಹಿಂಗಾಲಿನಿಂದ ದಬದಬನೆ ನೆಲ ಬಡಿಯಬೇಕು. ಸದ್ದು ಕೇಳಿದವರು ಬಿಲದ ಹಿಂಬಾಗಿಲಿನಿಂದ ಓಡಬೇಕು.

ಆ ಕೇರಿಯ ಕುಚ್ಚಮ್ಮನಿಗೆ ಒಬ್ಬನೇ ಮಗ, ಜಿಗ್ಗ. ಪಕ್ಕದ ಬಿಲದ ಬೋರಕ್ಕನಿಗೆ ಮೂರು ಮರಿ. ಒಂದು ಬೆಳಿಗ್ಗೆ ಒಂದೇ ಹುಲ್ಲುಗಂಟಿಗೆ ಇಬ್ಬರೂ ಬಾಯಿ ಹಾಕಿದರು.

"ಮೊದಲು ನೋಡಿದ್ದು ನಾನು ಕಣೇ!" ಎಂದಳು ಕುಚ್ಚಮ್ಮ.

"ನೋಡಿದರೆ ಹೊಟ್ಟೆ ತುಂಬುತ್ತಾ?" ಎಂದು ಬೋರಕ್ಕ ಬೀಜವನ್ನೆಲ್ಲ ಬಾಚಿಕೊಂಡು ಹೋದಳು.

ಕುಚ್ಚಮ್ಮನಿಗೆ ಮೈಯೆಲ್ಲ ಉರಿಯಿತು. "ಇವಳ ಸೊಕ್ಕು ಮುರಿಯೋರು ಯಾರೂ ಇಲ್ವೇ?" ಎಂದು ಗೊಣಗುತ್ತ ಮರಳದಿಬ್ಬದ ಮೇಲೆ ಕೂತಳು.

ಮಧ್ಯಾಹ್ನ ಒಂದು ಹಾವು ಬಂತು. ಸೀದಾ ಬೋರಕ್ಕನ ಬಿಲದ ಕಡೆಗೇ ಹೊರಟಿತು. ಕುಚ್ಚಮ್ಮ ಹಿಂಗಾಲು ಎತ್ತಿದಳು. ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿದಳು.

"ಅವಳ ಮನೆಗೆ ತಾನೇ? ಮಾಡಿದ್ದುಣ್ಣೇ ಮಾರಾಯ್ತಿ!"

ಹಾವು ಒಳಹೊಕ್ಕಿತು. ಪಾಪಿ, ನೋಡುತ್ತಲೇ ಕೂತಿದ್ದಳು.

ಅಷ್ಟರಲ್ಲಿ ಬೋರಕ್ಕ ಹೊರಗಿನಿಂದ ಬಂದಳಲ್ಲ! ಬಾಯಲ್ಲಿದ್ದ ಬೀಜಗಳನ್ನು ಕುಚ್ಚಮ್ಮನ ಮುಂದೆ ಸುರಿದಳು.

"ಬೆಳಿಗ್ಗೆ ನಾನು ಹಾಗೆ ಆಡಬಾರದಿತ್ತು ಕಣೇ. ತಗೋ, ಇದು ನಿನಗೆ. ಜಿಗ್ಗನ ಊಟದ ಚಿಂತೆ ಬೇಡ. ನಮ್ಮ ಬಿಲದಲ್ಲೇ ಆಡ್ತಿದ್ದ. ನಾಲ್ಕು ಮಕ್ಕಳಿಗೂ ಉಣಿಸಿ, ಮಲಗಿಸಿ ಬಂದೆ."

ಕುಚ್ಚಮ್ಮ ದಡಕ್ಕನೆ ಎದ್ದಳು. ಕಾಲೆತ್ತುವಷ್ಟರಲ್ಲಿ ಹಾವು ಹೊರಗೆ ಬಂದಿತ್ತು. ಹೊಟ್ಟೆ ಉಬ್ಬಿತ್ತು. ಅದಕ್ಕೇನೂ ಅವಸರವಿರಲಿಲ್ಲ, ನಿಧಾನವಾಗಿ ದಿಬ್ಬ ದಾಟಿ ಹೋಯಿತು.

ಬಿಲದೊಳಗೆ ಒಂದು ಮರಿಯೂ ಉಳಿದಿರಲಿಲ್ಲ.

ಬೋರಕ್ಕ ಗೋಳೋ ಎಂದು ಅಳುತ್ತ ಕುಚ್ಚಮ್ಮನನ್ನು ತಬ್ಬಿಕೊಂಡಳು. "ನಾನು ಬಿಟ್ಟು ಹೋಗಬಾರದಿತ್ತು! ನಿನ್ನ ಮಗನನ್ನೂ ಕಳೆದೆನಲ್ಲೇ, ನನ್ನನ್ನು ಕ್ಷಮಿಸೇ! ಅಯ್ಯೋ, ಅದು ಒಳಗೆ ಹೋಗುವಾಗ ನಿನ್ನ ಕಣ್ಣಿಗಾದರೂ ಬಿದ್ದಿದ್ದರೆ, ನೀನು ಬಡೀತಿದ್ದೆ, ಅಲ್ವೇನೇ?"

"ಹೂಂ," ಎಂದಳು ಕುಚ್ಚಮ್ಮ. "ಬಡೀತಿದ್ದೆ."

ನೀತಿ: ಹಗೆಯ ಮನೆಗೆ ಹೊರಟ ಕೇಡನ್ನು ಕಂಡೂ ಸುಮ್ಮನೆ ಕೂತರೆ, ಅದು ಯಾರ ಮಕ್ಕಳನ್ನು ನುಂಗುತ್ತದೆಂದು ಹೇಳಲಾಗದು.