ಖಾಲಿ ಕುರ್ಚಿಯ ತೂಕ

“ದುರ್ಗದ ಜನರೆಲ್ಲ ಕಿವಿಗೊಟ್ಟು ಕೇಳಿ. ದೊರೆ ಬೊಮ್ಮನಾಯಕರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಒಡೆದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಕಪ್ಪುಕೊಳದ ಕುರ್ಚಿ ಏರಬೇಕು.”

ಡಂಗುರದವನು ಮುಂದಿನ ಬೀದಿಗೆ ಹೋಗುವಷ್ಟರಲ್ಲಿ ಮನೆಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ಹತ್ತಿ ಹಿಂಜುತ್ತಿದ್ದ ಪಿಂಜಾರರ ದಾವಲ ಮಾತ್ರ ಬಿಲ್ಲನ್ನು ಗೋಡೆಗೆ ಒರಗಿಸಿ ಎದ್ದ. ಅಪ್ಪ ತೀರಿಕೊಂಡಾಗಿನಿಂದ ಅವನನ್ನು ಸಾಕಿದವನು ಕಮ್ಮಾರ ಮೋನಪ್ಪ. ಆ ಕುರ್ಚಿಯನ್ನು ತೂಗುಹಾಕಿದ ಕಬ್ಬಿಣದ ಸುರುಳಿಯನ್ನು ಮಾಡಿದವನೂ ಮೋನಪ್ಪನೇ. ಯಾರಿಗಾದರೂ ಉತ್ತರ ಹೇಳಿಕೊಟ್ಟಾನೆಂದು ದೊರೆ ಅವನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕಿ ಒಂದು ವರ್ಷವಾಗಿತ್ತು.

ಕೊಳದ ದಡದಲ್ಲಿ ಜನ ಸೇರಿದ್ದರು. ಅಲ್ಲಿಯವರೆಗೆ ಹನ್ನೊಂದು ಮಂದಿ ಆ ಕುರ್ಚಿಯಲ್ಲಿ ಕೂತಿದ್ದರು. ಕಟ್ಟಿ ಕೂರಿಸಿದವನ ತೊಡೆಯ ಮೇಲೆ ಕಲ್ಲು ಪೇರಿಸುತ್ತ ಹೋದಂತೆ ಸುರುಳಿ ಜಗ್ಗಿ ಕುರ್ಚಿ ನೀರಿಗಿಳಿಯುತ್ತಿತ್ತು. ಆಮೇಲೆ ಹಗ್ಗ ಎಳೆದು ಕಲ್ಲು ಕೆಡವಿದರೆ ತಾನಾಗಿಯೇ ಮೇಲೇಳುತ್ತಿತ್ತು. ಕೂತವನು ಉಸಿರಿಲ್ಲದೆ ಹಾಗೇ ಕೂತಿರುತ್ತಿದ್ದ.

ಮೊದಲು ಬಂದವನು ನೆರೆಸೀಮೆಯ ರಾಜಕುಮಾರ.

“ಹೊರಿಸಿದಷ್ಟೇ ಬಾಗುತ್ತದೆ, ಎರಡರಷ್ಟು ಹೊರಿಸಿದರೆ ಎರಡರಷ್ಟು ಬಾಗುತ್ತದೆ. ಇಳಿಸಿದರೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ತಕ್ಕಡಿಯಿಲ್ಲದೆ ತೂಕ ಹೇಳುತ್ತದೆ. ಏನದು?” ಎಂದ ದೊರೆ.

“ನಿಷ್ಠೆಯುಳ್ಳ ಸೇವಕ,” ಎಂದ ರಾಜಕುಮಾರ. ಭಟರು ಅವನ ತೋಳು ಹಿಡಿದರು.

ಎರಡನೆಯವನು ಆಸ್ಥಾನದ ಗಣಿತಜ್ಞ. ಮೊದಲನೆಯದಕ್ಕೆ ಸುರುಳಿ ಎಂದು ಸರಿಯಾಗಿಯೇ ಹೇಳಿದ. ಆಗ ದೊರೆ ಒಂದು ಚಿಕ್ಕ ಸುರುಳಿ ತರಿಸಿದ. “ಇಬ್ಬರು ಜಟ್ಟಿಗಳು ಇದರ ಎರಡು ತುದಿ ಹಿಡಿದು ತಲಾ ಎರಡು ಮಣ ಬಲದಿಂದ ಎಳೆಯುತ್ತಾರೆ. ಸುರುಳಿ ಎಷ್ಟು ಮಣ ತೋರಿಸುತ್ತದೆ?”

“ಎರಡೂ ಎರಡೂ ಕೂಡಿ ನಾಲ್ಕು,” ಎಂದ ಗಣಿತಜ್ಞ. ನೀರು ಅವನನ್ನೂ ನುಂಗಿತು.

ಮೂರನೆಯವನಾಗಿ ದಾವಲ ಮುಂದೆ ಬಂದ.

“ಮೊದಲನೆಯದು ಸುರುಳಿ, ದೊರೆ. ಎರಡನೆಯದಕ್ಕೆ ಎರಡೇ ಮಣ. ಸುರುಳಿಯನ್ನು ತೊಲೆಗೆ ಕಟ್ಟಿ ಎರಡು ಮಣ ತೂಗುಹಾಕಿದರೆ ತೊಲೆಯೂ ಎರಡು ಮಣ ಬಲದಿಂದ ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಇಲ್ಲವಾದರೆ ಎಲ್ಲ ಕೆಳಗೆ ಬೀಳುತ್ತಿತ್ತು. ಎರಡನೆಯ ಜಟ್ಟಿ ಮಾಡುವುದು ತೊಲೆಯ ಕೆಲಸ ಅಷ್ಟೆ.”

ದೊರೆ ಕುರ್ಚಿಯತ್ತ ತಿರುಗಿದ. ಮೂರನೆಯ ಒಗಟನ್ನು ಅವನು ಈವರೆಗೆ ಯಾರಿಗೂ ಕೇಳಿರಲಿಲ್ಲ. ತಗ್ಗಿದ ದನಿಯಲ್ಲಿ ಕೇಳಿದ: “ಆ ಕುರ್ಚಿ ಖಾಲಿ ಇದೆ. ತೂಗುಹಾಕಿದ ದಿನ ಕಂಬದ ಗೆರೆಗೆ ಸರಿಯಾಗಿತ್ತು. ಈಗ ನಾಲ್ಕು ಬೆರಳು ಕೆಳಗಿದೆ. ಅದರಲ್ಲಿ ಯಾರ ಭಾರ ಕೂತಿದೆ?”

ಜನ ಹಿಂದೆ ಸರಿದರು. ದೊರೆಯ ಕಣ್ಣು ನೋಡಿ ದಾವಲನಿಗೆ ಅರ್ಥವಾಯಿತು. ಈ ಮನುಷ್ಯ ಪರೀಕ್ಷೆ ಮಾಡುತ್ತಿಲ್ಲ, ಹೆದರಿದ್ದಾನೆ.

“ಯಾರ ಭಾರವೂ ಇಲ್ಲ,” ಎಂದ. “ಚಿಕ್ಕವನಿದ್ದಾಗ ನಾನು ಅಪ್ಪನ ಹಿಂಜುವ ಬಿಲ್ಲಿಗೆ ಜೋತುಬಿದ್ದಿದ್ದೆ. ಅದು ಮತ್ತೆ ನೆಟ್ಟಗಾಗಲಿಲ್ಲ. ಕಬ್ಬಿಣಕ್ಕೂ ತಾಳುವ ಒಂದು ಮಿತಿ ಇದೆ. ಅದನ್ನು ಮೀರಿ ಜಗ್ಗಿದರೆ ಭಾರ ಇಳಿಸಿದರೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ನೀವು ಹೇರಿದ ಕಲ್ಲು ಅತಿಯಾಯಿತು. ಬೇಕಾದರೆ ಆ ಚಿಕ್ಕ ಸುರುಳಿಯನ್ನೇ ಜಟ್ಟಿಗಳು ಶಕ್ತಿಮೀರಿ ಎಳೆಯಲಿ.”

ಜಟ್ಟಿಗಳು ಕುತ್ತಿಗೆಯ ನರ ಉಬ್ಬುವಂತೆ ಎಳೆದು ಕೈಬಿಟ್ಟರು. ಸುರುಳಿ ನೆಲದ ಮೇಲೆ ಮೊದಲಿಗಿಂತ ಒಂದು ಗೇಣು ಉದ್ದವಾಗಿಯೇ ಉಳಿಯಿತು. ಅದರ ಮೇಲೆ ಯಾರೂ ಸತ್ತಿರಲಿಲ್ಲ.

“ಹಾಗಾದರೆ ಸತ್ತವರು ಅಲ್ಲಿಲ್ಲವೇ?” ಎಂದು ಕೇಳಿದ ದೊರೆ.

“ಇಲ್ಲ.”

“ಏನು ಬೇಕು ಕೇಳು.”

“ನಮ್ಮ ಮೋನಪ್ಪ ಕಾಕಾನನ್ನು ಬಿಡಿ. ಆ ಕುರ್ಚಿ ಕಳಚಿಸಿ.”

ದೊರೆ ಎರಡಕ್ಕೂ ಒಪ್ಪಿದ. ಬೇಡದಿದ್ದರೂ ಒಂದು ಊರನ್ನು ಉಂಬಳಿ ಕೊಟ್ಟ. ನೆಲಮಾಳಿಗೆಯಿಂದ ಬಂದ ಮೋನಪ್ಪ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ದಾವಲನ ಮುಖ ತಡವಿ ನೋಡಿದ. ಆಮೇಲೆ ಉಳಿ, ಸುತ್ತಿಗೆ ಕೇಳಿದ. ತಾನು ಮಾಡಿದ ಸುರುಳಿಯನ್ನು ತಾನೇ ತುಂಡರಿಸಿದ. ಕುರ್ಚಿ ನೀರಿಗೆ ಬಿದ್ದು ಮುಳುಗಿತು.

ಜನ ಚದುರಿದರು. ದಾವಲ ಮುದುಕನ ಕೈಹಿಡಿದು ಮನೆಯ ದಾರಿ ಹಿಡಿದ. ತಿರುವಿನಲ್ಲಿ ಹಿಂತಿರುಗಿ ನೋಡಿದ. ಕೊಳದ ಅಲೆಗಳು ನಿಂತುಹೋಗಿದ್ದವು. ಆದರೂ ಬೊಮ್ಮನಾಯಕ ದಡದಲ್ಲಿ ಬಗ್ಗಿ, ಕುರ್ಚಿ ಮೇಲೇಳುವುದೋ ಎಂಬಂತೆ ನೀರನ್ನೇ ನೋಡುತ್ತ ನಿಂತಿದ್ದ.