ನೀರಿಗೆ ಹೋದ ಮನೆ

ಹೂಂಗುಟ್ಟುವವರು ನಿದ್ದೆಹೋಗದಿದ್ದರೆ ಕತೆ ತಾನಾಗಿ ನಡೆಯುತ್ತದೆ, ಕೇಳಿ. ಹೊಳೆಯಾಚೆ ಒಂದು ಪೇಟೆ. ಆ ಪೇಟೆಯಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಸಿಂಗ್ರ. ಮಂಡಿಯಲ್ಲಿ ಮೂಟೆ ಹೊರುವುದರಲ್ಲಿ ಎತ್ತನ್ನು ಮೀರಿಸಿದವನು, ಬುದ್ಧಿಯಲ್ಲಿ ಮಾತ್ರ ಎತ್ತೇ ವಾಸಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು, ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ. ಒಲೆ ಮೇಲೆ ಹಾಲಿದೆ, ನೋಡ್ತಾ ಇರು ಅಂದರೆ ಅದು ಉಕ್ಕಿ ಹರಿದು ಒಲೆ ಆರುವವರೆಗೂ ನೋಡುತ್ತಲೇ ಇರುವ ಮಗ. ಇಂಥವನನ್ನು ಹೆತ್ತ ತಪ್ಪಿಗೆ ಹೊಂಬಾಳಮ್ಮನಿಗೆ ಹಣೆ ಚಚ್ಚಿಕೊಂಡೂ ಚಚ್ಚಿಕೊಂಡೂ ಕೈ ನೋವು ಬಂದಿತ್ತು.

ಅಂಥವನಿಗೂ ಒಂದು ಹೆಣ್ಣು ಸಿಕ್ಕಿತು. ಜವನಿ ಅಂತ, ಮಾತು ಕಡಿಮೆ, ಕೈ ಚುರುಕು. ಹೊಂಬಾಳಮ್ಮನ ಗುಡಿಸಲಿನಲ್ಲಿ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಮಡಚಬೇಕು, ಹೊಸದಾಗಿ ಮದುವೆಯಾದವರನ್ನು ಎಲ್ಲಿ ಮಲಗಿಸುವುದು? ತಾನೇ ಮುಂದೆ ನಿಂತು ಗುರುಶಾಂತಶೆಟ್ಟರ ಹಿತ್ತಿಲ ಮನೆಯನ್ನು ಬಾಡಿಗೆಗೆ ಹಿಡಿದುಕೊಟ್ಟಳು. ಮನೆ ಚೆನ್ನಾಗಿತ್ತು, ಬಾಡಿಗೆ ಭಾರವಾಗಿತ್ತು. ಮಂಡಿಯ ಕೂಲಿ ಅರ್ಧಕ್ಕೆ ಸಾಕಾಯಿತು, ಇನ್ನರ್ಧಕ್ಕೆ ಶೆಟ್ಟರ ಮುಖ ಗಂಟಾಯಿತು. ಹುಣ್ಣಿಮೆಯೊಳಗೆ ಪೂರಾ ಕೊಡಿ, ಇಲ್ಲ ಮನೆ ಬಿಡಿ ಅಂದರು ಶೆಟ್ಟರು. ಸುದ್ದಿ ಬೀಗರ ಊರಿಗೂ ಹೋಯಿತು. ನೆಲೆಯಿಲ್ಲದವನ ಹತ್ತಿರ ಮಗಳನ್ನು ಬಿಡುವುದಿಲ್ಲ, ಹುಣ್ಣಿಮೆ ಕಳೆದರೆ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತೇನೆ ಎಂದು ಜವನಿಯ ಅಪ್ಪ ಹೇಳಿಕಳಿಸಿದ. ಹೊಂಬಾಳಮ್ಮನ ಎದೆ ಧಸಕ್ಕೆಂದಿತು. ತಾನು ಕಣ್ಣು ಮುಚ್ಚಿದ ಮೇಲೆ ಈ ಪೆದ್ದನಿಗೆ ಯಾರು ದಿಕ್ಕು ಅಂತ ಅವಳು ಕೇಳಿಕೊಂಡಾಗಲೆಲ್ಲ ಸಿಗುತ್ತಿದ್ದ ಒಂದೇ ಉತ್ತರ ಈ ಹುಡುಗಿ.

ಆದರೆ ದಾರಿಯೊಂದಿತ್ತು. ಆ ಸೀಮೆಯ ದೊರೆಸಾನಿ ಅತ್ತೆ ಸೊಸೆಯರ ದೂರು ಕೇಳಿ ಕೇಳಿ ಕಿವಿ ತೂತಾಗಿ ಒಂದು ಕಟ್ಟಳೆ ಮಾಡಿದ್ದಳು. ಹೊಸ ಗಂಡಹೆಂಡಿರು ಬಾಡಿಗೆ ಮನೆ ಹಿಡಿದು ಒಟ್ಟಿಗೆ ಬಾಳಿದರೆ ಅರ್ಧ ಬಾಡಿಗೆ ಚಾವಡಿಯದು. ಅದು ಭಿಕ್ಷೆಯಲ್ಲ, ಹಕ್ಕು. ಚಾವಡಿಗೆ ಹೋಗಿ ಶಾನುಭೋಗರನ್ನು ಕೇಳಿದರಾಯಿತು. ಕುತ್ತು ಬಂದದ್ದು ಇಲ್ಲಿಯೇ, ಕೇಳಬೇಕಾದವನು ಗಂಡ.

ಹೊಂಬಾಳಮ್ಮ ಮಗನ ತಲೆಗೆ ಎಣ್ಣೆ ಹಚ್ಚಿ ಬಾಚಿದಳು. ಒಳ್ಳೆ ಕೆಲಸಕ್ಕೆ ಹೋಗುವಾಗ ಹೊಸಿಲಲ್ಲಿ ಬಲಗಾಲಿಡು ಮಗ ಅಂತ ಹೇಳಿ ಕಳಿಸಿದಳು. ಸಿಂಗ್ರ ಹೋದ. ಹೊಸಿಲೊಳಗೆ ಬಲಗಾಲಿಟ್ಟ. ಎಡಗಾಲನ್ನು ಹೊರಗೇ ಬಿಟ್ಟ. ಚಾವಡಿ ಮುಚ್ಚುವವರೆಗೂ ಹಾಗೇ ನಿಂತಿದ್ದು, ಬಾಗಿಲು ಹಾಕುವವನು ಬೈದಾಗ ಕಾಲು ತೆಗೆದುಕೊಂಡು ಮನೆಗೆ ಬಂದ.

"ಎಡಗಾಲೇನು ಮಾಡಿತ್ತೋ ಪಾಪಿ?"

"ನೀನು ಅದರ ಮಾತೇ ಎತ್ತಲಿಲ್ಲವಲ್ಲವ್ವ."

ಅವಳು ಹಣೆ ಚಚ್ಚಿಕೊಂಡಳು. ಇನ್ನು ಮೇಲೆ ಎಲ್ಲಿಗೆ ಹೋದರೂ ಎರಡು ಕಾಲನ್ನೂ ಒಳಗಿಡಬೇಕು ಅಂತ ಬುದ್ಧಿ ಹೇಳಿದಳು. ಮಾರನೆಯ ದಿನ ಸಿಂಗ್ರ ಚಾವಡಿಯ ಮುಂದೆ ಹಿಂದಕ್ಕೆ ಸರಿದು, ಪಂಚೆ ಮೇಲಕ್ಕೆ ಕಟ್ಟಿ, ಎರಡು ಕಾಲನ್ನೂ ಒಟ್ಟಿಗೇ ಎತ್ತಿ ಒಳಕ್ಕೆ ನೆಗೆದ. ಬಿದ್ದದ್ದು ಶಾನುಭೋಗರ ಎಲೆಯಡಿಕೆ ತಟ್ಟೆಯ ಮೇಲೆ. ಸುಣ್ಣವೆಲ್ಲ ಅವರ ಮೀಸೆಗೆ ಹಾರಿತು. ಶಾನುಭೋಗರು ಕೋಪಿಷ್ಠರಾದರೂ ಧರ್ಮ ಬಿಟ್ಟವರಲ್ಲ. ಮೀಸೆ ಒರೆಸಿಕೊಂಡು ವಿಷಯ ಕೇಳಿದರು. ನಾಳೆ ಬರುವಾಗ ನಿನ್ನ ಮನೆಯವರನ್ನು ಕರೆದುಕೊಂಡು ಬಾ, ನಡೆದುಕೊಂಡು ಬಾ ಅಂತ ಒತ್ತಿ ಹೇಳಿ ಕಳಿಸಿದರು.

ಸಿಂಗ್ರ ಯೋಚಿಸಿದ. ಮನೆಯವರು ಅಂದರೆ ಯಾರು? ಮನೆ ಯಾರದೋ ಅವರು. ಮನೆ ಯಾರದು? ಶೆಟ್ಟರದು. ತನಗೂ ಇಷ್ಟು ಬುದ್ಧಿ ಓಡುತ್ತದಲ್ಲ ಅಂತ ಖುಷಿಯಾಗಿ ಶೆಟ್ಟರನ್ನು ಕರೆದ. ಬಾಡಿಗೆಯ ಮಾತಿರಬೇಕು ಅಂದುಕೊಂಡು ಶೆಟ್ಟರು ಜರಿ ಪೇಟ ಸುತ್ತಿಕೊಂಡು ಹೊರಟರು. ಶಾನುಭೋಗರು ಬರೆಯುತ್ತಾ ಇದ್ದವರು ತಲೆ ಎತ್ತದೆ, ಮನೆಯವರು ಬಂದರೇನಯ್ಯ ಅಂದರು. ಬಂದವರೆ ಬುದ್ಧಿ ಅಂದ ಸಿಂಗ್ರ.

"ನೋಡಮ್ಮ, ಇವನ ಜೊತೆ ಹೊಂದಿಕೊಂಡು ಬಾಳುತ್ತಿದ್ದೀಯೇನು? ನಾಚಿಕೋಬೇಡ, ಹೇಳು."

ಚಾವಡಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಶಾನುಭೋಗರು ತಲೆಯೆತ್ತಿ ನೋಡಿದರೆ ಎದುರಿಗೆ ಗಿರಿಜಾ ಮೀಸೆಯ ಶೆಟ್ಟರು. ಶೆಟ್ಟರ ಮುಖ ಕೆಂಪು ಹಂಚಿನಂತಾಯಿತು. ಈ ಜನ್ಮದಲ್ಲಿ ನಿನ್ನ ಪರವಾಗಿ ಒಂದು ಮಾತಾಡಿದರೆ ಕೇಳು ಎಂದು ಸಿಂಗ್ರನಿಗೆ ಹೇಳಿ ದಡದಡನೆ ಹೊರಟುಹೋದರು. ಶಾನುಭೋಗರು ತಲೆಯಾಡಿಸಿದರು. ಇದು ಬಾಡಿಗೆ ಮನೆಯೇ ಎಂದು ಮನೆಯ ಒಡೆಯನ ಬಾಯಿಂದ ಬಾರದೆ ಚಾವಡಿ ಒಂದು ಕಾಸೂ ಕೊಡುವ ಹಾಗಿಲ್ಲ, ಆದರೂ ಹುಣ್ಣಿಮೆಯ ದಿನ ನಾನೇ ಬಂದು ಮನೆ ನೋಡುತ್ತೇನೆ ಅಂದರು.

ಅವತ್ತು ಹೊಂಬಾಳಮ್ಮ ಬೈಯಲು ಶಕ್ತಿಯಿಲ್ಲದೆ ಕುಸಿದು ಕೂತಳು. ಆಮೇಲೆ ಮಗನನ್ನು ಹತ್ತಿರ ಕೂರಿಸಿಕೊಂಡು, ಎಳೆ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು.

"ಮನೆಯವ್ರು ಅಂದ್ರೆ ಹೆಂಡ್ತಿ ಕಣ್ಲಾ. ಗೋಡೆ ಸೂರು ಮನೆಯಲ್ಲ. ಹೆಂಡ್ತೀನೇ ಮನೆ. ಜವನೀನೇ ನಿನ್ನ ಮನೆ. ತಿಳೀತಾ?"

ತಿಳೀತವ್ವ ಅಂದ ಸಿಂಗ್ರ. ಅವನಿಗೆ ನಿಜವಾಗಿಯೂ ತಿಳಿದಿತ್ತು, ಅದೇ ಗ್ರಹಚಾರ.

ಹುಣ್ಣಿಮೆ ಬಂತು. ಶಾನುಭೋಗರು ಬಂದರು. ಖಾಲಿ ಮಾಡಿಸಲು ಶೆಟ್ಟರೂ ಬಂದು, ಬಾಯಿಗೆ ಬೀಗ ಹಾಕಿಕೊಂಡು ಕಂಬಕ್ಕೊರಗಿ ನಿಂತರು. ಉತ್ತರ ಹೇಳಬೇಕಾದವನು ಗಂಡ, ತಾಯಿ ನಡುವೆ ಬಾಯಿ ಹಾಕಕೂಡದು ಎಂದು ಶಾನುಭೋಗರು ಮೊದಲೇ ಅಪ್ಪಣೆ ಮಾಡಿದರು. ಹೊಂಬಾಳಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಜಗಲಿಯ ತುದಿಯಲ್ಲಿ ಕೂತಳು.

"ಎಲ್ಲಯ್ಯ ನಿನ್ನ ಮನೆ?"

"ನೀರಿಗೆ ಹೋಗ್ಯದೆ ಬುದ್ಧಿ. ಈಗ ಬತ್ತದೆ."

ಶಾನುಭೋಗರು ಕಣ್ಣುಜ್ಜಿಕೊಂಡರು. ಎದುರಿಗಿದ್ದ ಗೋಡೆಯನ್ನು ಒಂದು ಸಲ ಮುಟ್ಟಿ ನೋಡಿದರು.

"ಇರಲಿ. ಮನೆ ಬಾಡಿಗೆಯದು ತಾನೆ?"

"ಬಿಡ್ತು ಅನ್ನಿ ಬುದ್ಧಿ. ಬಾಡಿಗೆಗೆ ತರಾಕೆ ಅದೇನು ಎತ್ತಿನ ಗಾಡಿಯಾ? ಹತ್ತು ಜನರ ಮುಂದೆ ನಾನೇ ತಂದಿದ್ದು. ನನ್ನ ಸ್ವಂತದ್ದು."

ಹೊಂಬಾಳಮ್ಮನ ಜೀವ ಬಾಯಿಗೆ ಬಂತು. ಸ್ವಂತ ಮನೆಯಿದ್ದವರಿಗೆ ಚಾವಡಿಯಿಂದ ಬಿಡಿಗಾಸೂ ಇಲ್ಲ. ಎಲ್ಲ ತಾನು ಹೇಳಿಕೊಟ್ಟ ಪಾಠ. ಬಾಯಿ ಬಿಡುವ ಹಾಗಿಲ್ಲ, ಬಿಡದೆ ಇರುವ ಹಾಗಿಲ್ಲ. ಸೊಸೆ ಗಾಡಿ ಹತ್ತಿ ಹೋಗುವುದು ಅವಳ ಕಣ್ಣಿಗೆ ಕಟ್ಟಿತು.

"ಸ್ವಂತದ್ದೇ? ಶೆಟ್ಟರಿಗೆ ಇದರಲ್ಲಿ ಹಕ್ಕಿಲ್ಲವೇ?"

"ಅವರಿಗೇನು ಹಕ್ಕು ಬುದ್ಧಿ? ಅವರು ಕಣ್ಣೆತ್ತಿ ನೋಡಂಗೂ ಇಲ್ಲ."

ಇಷ್ಟು ಹೊತ್ತು ಬಾಯಿಗೆ ಬೀಗ ಹಾಕಿಕೊಂಡಿದ್ದ ಶೆಟ್ಟರು ಕಂಬ ಬಿಟ್ಟು ನೆಗೆದರು.

"ಲೋ, ಮನೆ ನಂದು ಕಣೋ! ನಮ್ಮಪ್ಪ ಕಟ್ಟಿಸಿದ್ದು. ಶಾನುಭೋಗರೇ, ಇದು ನನ್ನ ಮನೆ, ಇವನು ಬಾಡಿಗೆಗಿದ್ದಾನೆ. ಇವನೂ ಇವನ ಹೆಂಡತಿಯೂ ಇಬ್ಬರೇ ಇರೋದು. ಬೇಕಾದರೆ ಆಣೆ ಮಾಡ್ತೀನಿ."

ಅಷ್ಟರಲ್ಲಿ ಜವನಿ ಕೊಡ ಹೊತ್ತು ಹಿತ್ತಿಲಿಗೆ ಬಂದಳು. ಸಿಂಗ್ರ ಓಡಿಹೋಗಿ ಅವಳ ಕೈ ಹಿಡಿದುಕೊಂಡ. ಕೊಡದ ನೀರು ತುಳುಕಿ ಇಬ್ಬರೂ ನೆನೆದರು.

"ನಿಮ್ದು ಹೆಂಗಾಯ್ತದೆ ಶೆಟ್ರೆ? ಗೋಡೆ ಬೇಕಾದ್ರೆ ನೀವೇ ಇಟ್ಕೊಳ್ಳಿ. ನನ್ನ ಮನೇನ ನಾ ಬಿಡಾಕಿಲ್ಲ."

ಜವನಿ ನಾಚಿ ತಲೆ ತಗ್ಗಿಸಿದಳು, ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ. ಶಾನುಭೋಗರಿಗೆ ಆಗ ಅರ್ಥವಾಯಿತು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಗಂಡಹೆಂಡಿರು ಒಟ್ಟಿಗಿದ್ದಾರೆ, ಕಣ್ಣಾರೆ ಕಂಡೆ. ಮನೆ ಬಾಡಿಗೆಯದು, ಒಡೆಯನೇ ಆಣೆಯಿಡಲು ಬಂದಿದ್ದಾನೆ. ಇನ್ನೇನು ಬೇಕು ಅಂತ ಅಲ್ಲೇ ಚೀಲ ಬಿಚ್ಚಿ ಅರ್ಧ ಬಾಡಿಗೆಯನ್ನು ಶೆಟ್ಟರ ಕೈಗೆ ಹಾಕಿದರು. ಪ್ರತಿ ತಿಂಗಳೂ ಇದು ಬರುತ್ತದೆ ಅಂದರು. ಆಡಿದ ಮಾತನ್ನು ನುಂಗುವ ಹಾಗಿಲ್ಲದೆ ಶೆಟ್ಟರು ಹಣ ಎಣಿಸಿಕೊಂಡರು, ಗಂಟು ಮುಖವೂ ಸಡಿಲಾಯಿತು. ಹೊರಡುವಾಗ ಶಾನುಭೋಗರು ಒಂದು ಮಾತು ಸೇರಿಸಿದರು. ಕಟ್ಟಳೆಯ ಪ್ರಕಾರ ಮನೆಯಲ್ಲಿ ಗಂಡಹೆಂಡಿರು ಇಬ್ಬರೇ ಇರಬೇಕು, ಮೂರನೆಯವರು ಸೇರಿದರೆ ಹಣ ನಿಲ್ಲುತ್ತದೆ, ನೆನಪಿರಲಿ. ಸಿಂಗ್ರ ಹೂಂ ಅಂದ.

ಹೊಂಬಾಳಮ್ಮ ಬಾಯಿಂದ ಸೆರಗು ತೆಗೆದು ಉಸಿರು ಬಿಟ್ಟಳು. ಎಷ್ಟು ದಿನದಿಂದ ಕಟ್ಟಿಕೊಂಡಿದ್ದ ಉಸಿರೋ ಅದು. ಬೀಗರು ಗಾಡಿಗೆ ಎತ್ತು ಹೂಡುವುದು ಬೇಡ, ಹುಡುಗಿ ಇಲ್ಲೇ ಇರುತ್ತಾಳೆ. ಮೈ ಹಗುರಾಗಿ, ಹಸಿವೂ ಆಯಿತು. ಊಟ ಮಾಡಿಕೊಂಡು ಹೋಗಿ ಅತ್ತೆಮ್ಮ ಅಂದಳು ಜವನಿ. ಅವರೆಕಾಳಿನ ಸಾರಿನ ಘಮಲು ಮೂಗಿಗೆ ಬಂತು. ಹೊಂಬಾಳಮ್ಮ ಒಳಗೆ ಹೋಗಿ ಮಣೆಯ ಮೇಲೆ ಕೂತಳು. ಅವಳು ಕೂತಳೋ ಇಲ್ಲವೋ, ಸಿಂಗ್ರ ಎದ್ದು ಹೊರಗೆ ಹೊರಟ.

"ಎಲ್ಲಿಗೋ?"

"ಒಳಗೆ ಇಬ್ರೇ ಇರ್ಬೇಕಲ್ಲವ್ವ. ನೀನು ಉಣ್ಣು, ನಾ ಹೊರಗಿರ್ತೀನಿ."

ಹೊಂಬಾಳಮ್ಮ ಮಣೆ ಬಿಟ್ಟು ಎದ್ದಳು. ಬೈಯಬೇಕೆಂದು ಬಾಯಿ ತೆರೆದರೆ ಬೈಗುಳ ಬರಲಿಲ್ಲ. ಕೈಹಿಡಿದು ಕರೆತರಲು ತಾನೇ ಹೊರಗೆ ಬಂದಳು. ಅವಳು ಹೊರಗೆ ಬಂದಳಲ್ಲ, ಅವನು ಒಳಗೆ ಹೋದ. ಅವಳು ಒಳಗೆ ಹೋದಳು, ಅವನು ಹೊರಗೆ ಬಂದ. ಹೀಗೇ ಒಳಗೂ ಹೊರಗೂ ನಡೆದು ಮುದ್ದೆ ಆರಿತು. ಕೊನೆಗೆ ಜವನಿಯೇ ನಗುತ್ತಾ ಮಡಕೆಯೆತ್ತಿ ಜಗಲಿಗೆ ತಂದಿಟ್ಟಳು. ಇಲ್ಲಿ ಕಟ್ಟಳೆಯಿಲ್ಲ, ಮೂವರೂ ಉಣ್ಣಬಹುದು ಅಂದಳು. ಜಾಣೆ ಕಣಮ್ಮ ನೀನು ಅಂತ ಹೊಂಬಾಳಮ್ಮ ಕೂತು ಮುದ್ದೆ ಮುರಿದಳು. ಪಕ್ಕದ ಎಲೆ ಖಾಲಿ. ಸಿಂಗ್ರ ಎಲ್ಲಿ?

ಸಿಂಗ್ರ ಬೀದಿಯಿಂದ ಬರುತ್ತಿದ್ದ. ಬಲಗೈಯಲ್ಲಿ ಶಾನುಭೋಗರು, ಎಡಗೈಯಲ್ಲಿ ಶೆಟ್ಟರು. ಮೂಟೆ ಹೊರುವ ಕೈಯಿಂದ ಬಿಡಿಸಿಕೊಳ್ಳುವುದು ಯಾರಿಗೆ ಸಾಧ್ಯ? ಇಬ್ಬರನ್ನೂ ಒಳಗೆ ಕೂರಿಸಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಬಂದ.

"ನಾವು ಮೂರು ಜನ ಇಲ್ಲಿ ಕೂತ್ರೆ ಒಳಗೆ ಯಾರವ್ವ ಇರ್ತಾರೆ? ಉಂಡು ಮುಗಿಯೋಗಂಟ ಅವ್ರಿಬ್ರೇ ಗಂಡಹೆಂಡ್ರಾಗಿ ಇರ್ಲಿ."